ಡ್ಯಾನಜೋಲ್ 200 ಮಿ.ಗ್ರಾಂ. ಕ್ಯಾಪ್ಸೂಲ್: 26 ತಿಂಗಳು ನುಂಗಿದ ಮೇಲೆ

ಔಷಧಿ ಅಂಗಡಿಯಲ್ಲಿ ಈ ಕ್ಯಾಪ್ಸೂಲ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಗರ್ಭಕೋಶದ ತೊಂದರೆಗಾ ಮೇಡಂ?" ಅಂತ. ಹಾಸನದಲ್ಲಿ ನಾನು ಕೇಳಿದ ನಾಲ್ಕು ಅಂಗಡಿಯಲ್ಲೂ ಹೀಗೇ ಆಯಿತು. ಅವರದ್ದೇನೂ ತಪ್ಪಿಲ್ಲ. ಡ್ಯಾನಜೋಲ್ 1970ರ ದಶಕದಲ್ಲಿ ಬಳಕೆಗೆ ಬಂದದ್ದೇ ಎಂಡೊಮೆಟ್ರಿಯೋಸಿಸ್ ಅನ್ನುವ ಹೆಂಗಸರ ಕಾಯಿಲೆಗೆ. ಡಬ್ಬದೊಳಗೆ ಮಡಚಿಟ್ಟ ಚೀಟಿಯಲ್ಲೂ ಅದರದ್ದೇ ಮಾತು. ನಾನು ಅದನ್ನು ನುಂಗಿದ್ದು ಬೇರೆ ಕಾರಣಕ್ಕೆ. ನನ್ನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತ್ತು. ಅಪ್ಲಾಸ್ಟಿಕ್ ಅನೀಮಿಯಾ ಅನ್ನುತ್ತಾರೆ. ಈ ಕಾಯಿಲೆಗೆ ಡ್ಯಾನಜೋಲ್ ಬರೆಸಿಕೊಂಡು ಬಂದು, ಚೀಟಿ ಓದಿ ಗಾಬರಿಯಾಗಿ ಕೂತಿರುವ ಹೆಂಗಸರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಬಿ.ಎಸ್ಸಿ. ಸಿಬಿಝಡ್ ಓದಿದವಳು. ಮದುವೆಯಾಗಿ ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಗೆ, ಸೀರೆಗೆ ಕುಚ್ಚು ಕಟ್ಟುವ ಕೆಲಸ. ಶನಿವಾರ ಸಂಜೆ ಬಡಾವಣೆಯ ಭಜನಾ ಮಂಡಳಿಯಲ್ಲಿ ದಾಸರ ಪದ ಹಾಡುತ್ತಿದ್ದೆ. ಮೊದಲು ಎತ್ತಿಕೊಡುವವಳು ನಾನೇ.

ಕಾಯಿಲೆ ಗೊತ್ತಾಗಿದ್ದು ಕುಚ್ಚಿನಿಂದ. ರೇಷ್ಮೆ ಎಳೆ ಜಗ್ಗಿ ಗಂಟು ಹಾಕುವಾಗ ತೋರುಬೆರಳಿನ ಪಕ್ಕದಲ್ಲಿ ದಾರ ಒತ್ತುತ್ತದೆ. ಹದಿನೈದು ವರ್ಷದಿಂದ ಒತ್ತಿ ಒತ್ತಿ ಅಲ್ಲಿ ಚರ್ಮ ಗಟ್ಟಿಯಾಗಿದೆ. ಅಂಥ ಜಾಗದಲ್ಲಿ ಒಂದು ದಿನ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ ಕಾಣಿಸಿತು. ಆ ತಿಂಗಳು ಮುಟ್ಟು ಹದಿನಾಲ್ಕು ದಿನ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.2, ಪ್ಲೇಟ್‌ಲೆಟ್ 22,000. ಬಿಳಿ ರಕ್ತಕಣವೂ ಕಡಿಮೆ. ಬೆಂಗಳೂರಿಗೆ ಹೋದೆವು. ಸೊಂಟದ ಹಿಂದಿನ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಕ್ತ ಹುಟ್ಟಿಸುವ ಕೋಶಗಳು ಇರಬೇಕಾದ ಕಡೆ ಬಹುಪಾಲು ಬರೀ ಕೊಬ್ಬು ತುಂಬಿಕೊಂಡಿದೆ ಅಂತ ವರದಿ ಬಂತು. ಆಗ ನನಗೆ 37 ವರ್ಷ, ಮಗಳು ಆರನೇ ಕ್ಲಾಸು.

ಮಜ್ಜೆ ಕಸಿಗೆ ತಮ್ಮನದು ಹೊಂದಲಿಲ್ಲ. ಎಟಿಜಿ ಅನ್ನುವ ಇನ್ನೊಂದು ಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕು. ನನ್ನದು ತೀವ್ರ ಹಂತಕ್ಕೆ ಇನ್ನೂ ಇಳಿದಿಲ್ಲ, ಮೊದಲು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಜೊತೆ ಡ್ಯಾನಜೋಲ್ ಕೊಟ್ಟು ನೋಡೋಣ ಅಂದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಒಟ್ಟು 600 ಮಿ.ಗ್ರಾಂ.

ಔಷಧಿ ಕೆಲಸ ಮಾಡಿತಾ ಅಂತ ಕೇಳಿದರೆ, ಮಾಡಿತು. ಆದರೆ ಅದು ನಿಧಾನ ಅಂದರೆ ತುಂಬಾ ನಿಧಾನ. ಮೊದಲ ಮೂರು ತಿಂಗಳು ಏನೇನೂ ಆಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಡೇ ಕೇರ್‌ನಲ್ಲಿ ಮಲಗಿ ರಕ್ತ ಹಾಕಿಸಿಕೊಳ್ಳುವುದು ತಪ್ಪಲಿಲ್ಲ. ಒಂದೊಂದು ಬಾಟಲಿ ರಕ್ತದ ಜೊತೆ 200ರಿಂದ 250 ಮಿ.ಗ್ರಾಂ. ಕಬ್ಬಿಣವೂ ಮೈ ಸೇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹಾಗಾಗಿ ಪ್ರತಿ ಬಾಟಲಿಯ ಹೊತ್ತಿಗೂ ಇದು ಕೊನೆಯದಾಗಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆ. ಆರನೇ ತಿಂಗಳು ರಕ್ತ ಹಾಕಿಸದೆಯೇ ಹಿಮೋಗ್ಲೋಬಿನ್ 8.1 ನಿಂತಿತು. ವರ್ಷ ತುಂಬುವಾಗ 10.4. ಹೋದ ತಿಂಗಳ ವರದಿಯಲ್ಲಿ 11.6, ಪ್ಲೇಟ್‌ಲೆಟ್ 71,000. ಇಪ್ಪತ್ತು ತಿಂಗಳಿಂದ ನನಗಾಗಿ ಯಾರೂ ರಕ್ತ ಕೊಡಬೇಕಾಗಿ ಬಂದಿಲ್ಲ. ಇದರಲ್ಲಿ ಸೈಕ್ಲೋಸ್ಪೋರಿನ್‌ನ ಪಾಲೂ ಇದೆ, ಎಲ್ಲವೂ ಡ್ಯಾನಜೋಲ್‌ನಿಂದಲೇ ಅಂತ ನಾನು ಹೇಳುವುದಿಲ್ಲ.

ಹೆಂಗಸರ ಗರ್ಭಕೋಶದ ಔಷಧಿಗೂ ಮೂಳೆಯ ಮಜ್ಜೆಗೂ ಏನು ಸಂಬಂಧ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಡೇ ಕೇರ್‌ನಲ್ಲಿ ಪಕ್ಕದ ಹಾಸಿಗೆಯಲ್ಲಿ ಅರಕಲಗೂಡು ಕಡೆಯ ಒಬ್ಬ ಅಜ್ಜ ಇರುತ್ತಿದ್ದರು. ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಅವರಿಗೆ ರಕ್ತ ಏರಲೆಂದು ಎರಿತ್ರೋಪೊಯೆಟಿನ್ ಇಂಜೆಕ್ಷನ್, ಮಗ ಅದನ್ನು ಐಸ್ ತುಂಬಿದ ಥರ್ಮಾಸ್‌ನಲ್ಲಿ ತರುತ್ತಿದ್ದ. ಎರಿತ್ರೋಪೊಯೆಟಿನ್ ಮೂತ್ರಪಿಂಡದಲ್ಲಿ ಹುಟ್ಟುವ ಹಾರ್ಮೋನು. ಕೆಂಪು ರಕ್ತಕಣ ಮಾಡು ಅಂತ ಮಜ್ಜೆಗೆ ಹೇಳಿ ಕಳಿಸುವುದು ಅದರ ಕೆಲಸ. ಮೂತ್ರಪಿಂಡ ಕೆಟ್ಟವರಲ್ಲಿ ಹೇಳಿ ಕಳಿಸುವವರೇ ಇರುವುದಿಲ್ಲ, ಅದಕ್ಕೆ ಹೊರಗಿನಿಂದ ಕೊಡುತ್ತಾರೆ. "ನನಗೂ ಅದನ್ನೇ ಕೊಡಬಹುದಲ್ಲಾ ಸರ್?" ಅಂತ ಡಾಕ್ಟರನ್ನು ಕೇಳಿದೆ. "ನಿಮ್ಮಲ್ಲಿ ಅದು ಆಗಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತಮ್ಮಾ. ಕಿಡ್ನಿ ಕೂಗ್ತಾನೇ ಇದೆ, ಮಜ್ಜೆಯಲ್ಲಿ ಓಗೊಡೋರೇ ಇಲ್ಲ" ಅಂದರು. ನನ್ನ ಕಾಯಿಲೆ ಏನೆಂದು ಸರಿಯಾಗಿ ಅರ್ಥವಾಗಿದ್ದು ಆ ಒಂದು ಮಾತಿನಿಂದ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ತಾಯಿಬೇರಾದ ಆಕರಕೋಶಗಳೇ ನನ್ನಲ್ಲಿ ಬರಿದಾಗಿದ್ದವು. ಔಷಧಿ ತಲುಪಬೇಕಾದದ್ದು ಆ ಬೇರಿಗೆ.

ಗಂಡಸರ ಹಾರ್ಮೋನಿಗೂ ರಕ್ತಕ್ಕೂ ನಂಟಿದೆ ಅನ್ನುವುದು ಹಳೆಯ ಸಂಗತಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಬಸುರಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಒಂದು ಅಂಕಿಯ ಅಂತರ ಮುಟ್ಟಿನಿಂದ ಅಂತಲೇ ನಾನು ತಿಳಿದಿದ್ದೆ. ಬರೀ ಅದಲ್ಲ. ಹುಡುಗರಿಗೆ ಮೀಸೆ ಚಿಗುರುವ ಹೊತ್ತಿಗೇ ರಕ್ತವೂ ಏರುತ್ತದೆ. ಟೆಸ್ಟೋಸ್ಟಿರಾನ್ ಎರಿತ್ರೋಪೊಯೆಟಿನ್ ಹೆಚ್ಚಿಸುತ್ತದೆ, ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುವ ಹೆಪ್ಸಿಡಿನ್ ಅನ್ನು ತಗ್ಗಿಸುತ್ತದೆ. 1959ರಲ್ಲೇ ಶಾಹಿದಿ, ಡೈಮಂಡ್ ಅನ್ನುವ ಇಬ್ಬರು ಮಕ್ಕಳ ಡಾಕ್ಟರುಗಳು ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳಿಗೆ ಟೆಸ್ಟೋಸ್ಟಿರಾನ್ ಕೊಟ್ಟು ಗುಣ ಕಂಡಿದ್ದನ್ನು ಬರೆದಿದ್ದಾರೆ. ಡ್ಯಾನಜೋಲ್ ಆ ಹಾರ್ಮೋನಿನ ದೂರದ ನೆಂಟ, ಅದಕ್ಕಿಂತ ಸೌಮ್ಯ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಆಮೇಲೆ ಗೊತ್ತಾದ ವಿಷಯ. ಜೀವಕೋಶ ಒಂದು ಎರಡಾಗುವಾಗಲೆಲ್ಲ ಅದರೊಳಗಿನ ವರ್ಣತಂತುವಿನ ತುದಿ ಒಂದಿಷ್ಟು ಸವೆಯುತ್ತದೆ. ಆ ತುದಿಗೆ ಟೆಲೊಮಿಯರ್ ಅನ್ನುತ್ತಾರೆ. ಓದಿದ ತಕ್ಷಣ ನನಗೆ ನೆನಪಾದದ್ದು ಸೆರಗು. ಮಗ್ಗದಿಂದ ಬಂದ ಸೀರೆಯ ಸೆರಗಿನ ಕೊನೆಯಲ್ಲಿ ಹಾಸಿನ ಎಳೆಗಳು ಹಾಗೇ ನೇತಾಡುತ್ತವೆ. ಹಾಗೇ ಬಿಟ್ಟರೆ ಒಗೆದಾಗಲೆಲ್ಲ ಅಡ್ಡ ಎಳೆ ಒಂದೊಂದಾಗಿ ಜಾರುತ್ತ ಸೆರಗು ಒಳಗೊಳಗೆ ಬಿಚ್ಚಿಕೊಳ್ಳುತ್ತದೆ. ನಾವು ಹತ್ತಿಪ್ಪತ್ತು ಎಳೆ ಸೇರಿಸಿ, ಬಟ್ಟೆಯ ಅಂಚಿಗೆ ಒತ್ತಿ ಗಂಟು ಹಾಕಿದರೆ ಅಲ್ಲಿಗೆ ನಿಲ್ಲುತ್ತದೆ. ಟೆಲೊಮಿಯರ್ ಮಾಡುವುದೂ ಅದನ್ನೇ. ಸವೆದ ತುದಿಯನ್ನು ಮತ್ತೆ ಬೆಳೆಸಲು ಟೆಲೊಮರೇಸ್ ಅನ್ನುವ ಕಿಣ್ವ ಇದೆ. ಈ ತುದಿಗಳ, ಈ ಕಿಣ್ವದ ಕೆಲಸ ಕಂಡುಹಿಡಿದದ್ದಕ್ಕೆ 2009ರಲ್ಲಿ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಮೂವರಿಗೆ ನೊಬೆಲ್ ಬಂತು. ಮಜ್ಜೆಯ ಆಕರಕೋಶಗಳು ಜೀವಮಾನವಿಡೀ ಮರಿ ಹಾಕುತ್ತಲೇ ಇರಬೇಕಾದವು, ಅವಕ್ಕೆ ಈ ಕಿಣ್ವ ಬೇಕೇ ಬೇಕು. ಹುಟ್ಟಿನಿಂದಲೇ ಅದರಲ್ಲಿ ದೋಷ ಇರುವವರಲ್ಲಿ ತುದಿ ಬೇಗ ಸವೆದು ಮಜ್ಜೆ ಸೋಲುತ್ತದೆ. ಪ್ರಯೋಗಾಲಯದಲ್ಲಿ ರಕ್ತಕೋಶಗಳಿಗೆ ಗಂಡು ಹಾರ್ಮೋನು ಹಾಕಿದಾಗ ಟೆಲೊಮರೇಸ್ ಚುರುಕಾಗಿದ್ದು ಕಂಡಿದೆ. ಹೆಣ್ಣಿನ ಹಾರ್ಮೋನು ಎಸ್ಟ್ರಾಡಯಾಲ್ ಹಾಕಿದಾಗಲೂ ಹಾಗೇ ಆಗಿದೆ! "ಗಂಡಸರ ಔಷಧಿ" ನುಂಗುತ್ತಿದ್ದೇನೆ ಅಂತ ರಾತ್ರಿ ಅಳುತ್ತಿದ್ದ ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು.

2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಟೆಲೊಮಿಯರ್ ಕಾಯಿಲೆಯ 27 ಜನರಿಗೆ ದಿನಕ್ಕೆ 800 ಮಿ.ಗ್ರಾಂ. ಡ್ಯಾನಜೋಲ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಸವೆತ ಕಡಿಮೆಯಾದೀತು ಅನ್ನುವುದಷ್ಟೇ ಅವರ ನಿರೀಕ್ಷೆ. ಎರಡು ವರ್ಷದ ಕೊನೆಗೆ ಅಳೆಯಲು ಸಿಕ್ಕ 12 ಜನರಲ್ಲಿ 11 ಜನರ ತುದಿ ಮೊದಲಿಗಿಂತ ಉದ್ದವಾಗಿತ್ತು. ಮೂರು ತಿಂಗಳಿಗೆ ಪರೀಕ್ಷಿಸಿದ 24 ಜನರಲ್ಲಿ 19 ಜನರ ರಕ್ತ ಸುಧಾರಿಸಿತ್ತು. ಸಣ್ಣ ಅಧ್ಯಯನ, ಅದೂ ಒಂದು ಬಗೆಯ ರೋಗಿಗಳದ್ದು. ನನ್ನ ಟೆಲೊಮಿಯರ್ ಯಾರೂ ಅಳೆದಿಲ್ಲ, ಆದ್ದರಿಂದ ನನ್ನೊಳಗೂ ಹೀಗೇ ಗಂಟು ಬಿತ್ತು ಅಂತ ಹೇಳಲಾರೆ. ಆದರೂ ಸೆರಗು ಹಿಡಿದು ಕೂತಾಗಲೆಲ್ಲ ಇದು ನೆನಪಾಗದೆ ಇರುವುದಿಲ್ಲ.

ಇನ್ನು ತೊಂದರೆಗಳು. ಮೊಡವೆ ಬಂತು, ಮುಖದಲ್ಲಿ ಎಣ್ಣೆ, ಐದು ಕಿಲೋ ತೂಕ. ರಾತ್ರಿ ಮೀನಖಂಡ ಸೆಟೆದುಕೊಂಡು ಎದ್ದು ಕೂರುವಂತಾಗುತ್ತಿತ್ತು, ಅತ್ತೆಯವರೇ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಗಲ್ಲದ ಮೇಲೆ ಕೂದಲು ಬಂತು. ಅದಕ್ಕೆ ಸೈಕ್ಲೋಸ್ಪೋರಿನ್ ಕೂಡ ಕಾರಣ ಇರಬಹುದು, ಎರಡೂ ಔಷಧಿಗೆ ಆ ಗುಣ ಇದೆ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಪಾರ್ಲರಿಗೆ ಹೋಗಿ ಥ್ರೆಡಿಂಗ್ ಮಾಡಿಸಬೇಡಿ, ನನಗೆ ಚುಕ್ಕೆ ಚುಕ್ಕೆ ರಕ್ತ ಒಸರಿ ವಾರವಿಡೀ ಕಲೆ ಉಳಿದಿತ್ತು. ಮುಟ್ಟು ಪೂರ್ತಿ ನಿಂತಿತು, ಅದು ನನಗೆ ವರವೇ ಆಯಿತು. ಹದಿನಾಲ್ಕು ದಿನ ಸುರಿದು ಹೋಗುತ್ತಿದ್ದ ರಕ್ತ ಮೈಯಲ್ಲೇ ಉಳಿಯಿತು. ಮುಟ್ಟು ನಿಂತಿದೆ ಅಂತ ಬಸಿರಾಗುವುದಿಲ್ಲ ಅಂದುಕೊಳ್ಳಬೇಡಿ. ಈ ಔಷಧಿ ಹೊಟ್ಟೆಯಲ್ಲಿರುವ ಹೆಣ್ಣು ಕೂಸಿನ ಅಂಗಗಳ ಬೆಳವಣಿಗೆಯನ್ನೇ ಕೆಡಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಕೂತು ಡಾಕ್ಟರ ಹತ್ತಿರ ಮಾತಾಡಲೇಬೇಕಾದ ವಿಷಯ ಇದು, ಹಾರ್ಮೋನು ಇಲ್ಲದ ಉಪಾಯವನ್ನೇ ಬಳಸಬೇಕು.

ಮತ್ತೆ ದನಿ.

ಮೂರನೇ ತಿಂಗಳಲ್ಲಿ ಗಂಟಲು ಕಟ್ಟಿದ ಹಾಗಿತ್ತು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿದೆ. ಭಜನೆಯಲ್ಲಿ ಮೇಲಿನ ಷಡ್ಜಕ್ಕೆ ಹೋದರೆ ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಐದನೇ ತಿಂಗಳಲ್ಲಿ ಒಂದು ದಿನ ಯಜಮಾನರ ಹೊಸ ನಂಬರಿನಿಂದ ತವರಿಗೆ ಫೋನ್ ಮಾಡಿದೆ. "ಅಮ್ಮಾ" ಅಂದೆ. ಆ ಕಡೆಯಿಂದ ಅಮ್ಮ, "ಯಾರಪ್ಪಾ? ಯಾರು ಬೇಕಾಗಿತ್ತು?" ಅಂದರು. "ನಾನಮ್ಮಾ" ಅಂದೆ. "ನಾನು ಅಂದ್ರೆ ಯಾರಪ್ಪಾ?" ಅಂದರು. ನನ್ನ ಅಮ್ಮ. ಹೆಸರು ಹೇಳಲು ಬಾಯಿ ಬರಲಿಲ್ಲ, ಫೋನ್ ಮಗಳ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಬ್ಯಾಂಕಿನವರು, ಗ್ಯಾಸಿನವರು, ಕೊರಿಯರ್ ಹುಡುಗ ಎಲ್ಲರೂ ಫೋನಿನಲ್ಲಿ "ಸರ್" ಅನ್ನತೊಡಗಿದರು.

ಬೆಂಗಳೂರಿಗೆ ಹೋದಾಗ ಹೇಳಿಕೊಂಡೆ. "ಅದು ಈ ಔಷಧಿಯಿಂದ ಆಗೋದೇ ಅಮ್ಮ" ಅಂದರು. ಆಗೋದೇ! ಹಾಗಾದರೆ ಮೊದಲೇ ಗೊತ್ತಿತ್ತು. ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ದನಿ ದಪ್ಪವಾಗಬಹುದು, ಔಷಧಿ ನಿಲ್ಲಿಸಿದರೂ ಹಿಂದಿರುಗದೆ ಇರಬಹುದು ಅಂತ ಬರೆದಿದೆ. ಮೊದಲ ದಿನ ಬರೆದುಕೊಡುವಾಗ ಅಷ್ಟೇ ಮಾತನ್ನು ಬಾಯಿಬಿಟ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ನಾನು ಬರೆಯುವುದಿಲ್ಲ. ನನ್ನ ಜೀವ ಉಳಿಸಿದವರೂ ಅವರೇ. ಆದರೆ ಈ ನೋವು ಇನ್ನೂ ಆರಿಲ್ಲ. ಹೇಳಿದ್ದರೆ ನಾನು ಔಷಧಿ ಬೇಡ ಅನ್ನುತ್ತಿದ್ದೆನಾ? ಖಂಡಿತ ಇಲ್ಲ, ಮಗಳಿಗಾಗಿ ನುಂಗಿಯೇ ನುಂಗುತ್ತಿದ್ದೆ. ನುಂಗುವ ಮುಂಚೆ ಒಂದು ಸಂಜೆ ಕೂತು ನಾಲ್ಕು ಪದ ಹಾಡಿ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಈಗ ನನ್ನ ಹಳೆಯ ದನಿ ಉಳಿದಿರುವುದು ಗಣೇಶನ ಹಬ್ಬದ ಒಂದು ವಿಡಿಯೊದಲ್ಲಿ, ನಲವತ್ತು ಸೆಕೆಂಡು. ಅದರ ಮೇಲೆ ಯಾರೋ ಊಟಕ್ಕೆ ಬನ್ನಿ ಅಂತ ಕೂಗುತ್ತಿದ್ದಾರೆ.

ಆ ದಿನವೇ ಪ್ರಮಾಣ ಕಡಿಮೆ ಮಾಡಿ ಅಂತ ಕೇಳಬಹುದಿತ್ತು. ರಕ್ತ ಆಗತಾನೆ ಏರತೊಡಗಿತ್ತು, ಕಡಿಮೆ ಮಾಡಿದರೆ ಮತ್ತೆ ಕುಸಿಯಬಹುದು ಅಂದರು. ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸಿಗೆ ಕಾಯುತ್ತ ಯಜಮಾನರು, "ನೀನು ಏನು ಹೇಳ್ತೀಯೋ ಹಾಗೆ" ಅಂದರು. ಮುಂದುವರಿಸೋಣ ಅಂದೆ. ಆ ನಿರ್ಧಾರ ನನ್ನದು, ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ.

ನುಂಗುವವರಿಗೆ ಇನ್ನು ಕೆಲವು ಮಾತು. ಯಕೃತ್ತಿನ ರಕ್ತ ಪರೀಕ್ಷೆ ತಪ್ಪಿಸಬೇಡಿ, ವರ್ಷಗಟ್ಟಲೆ ತೆಗೆದುಕೊಂಡರೆ ಯಕೃತ್ತಿನಲ್ಲಿ ಗಡ್ಡೆ ಆಗುವುದೂ ಉಂಟು. ನನಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಸೈಕ್ಲೋಸ್ಪೋರಿನ್ ಜೊತೆಗಿದ್ದರೆ ಡ್ಯಾನಜೋಲ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನನಗೆ 1.5ಕ್ಕೆ ಏರಿತ್ತು, ಸೈಕ್ಲೋಸ್ಪೋರಿನ್ ಇಳಿಸಿದ ಮೇಲೆ ಸರಿಯಾಯಿತು. ಕೊಲೆಸ್ಟ್ರಾಲ್‌ಗೆ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಮೊದಲೇ ಹೇಳಿ. ನೀವಾಗಿಯೇ ಔಷಧಿ ನಿಲ್ಲಿಸಬೇಡಿ.

ಸಿಗುವುದು ದೊಡ್ಡ ತಲೆನೋವು. 100 ಮಿ.ಗ್ರಾಂ. ಇರುತ್ತದೆ, 200 ಇರುವುದಿಲ್ಲ. ಒಂದು ದೀಪಾವಳಿಯಲ್ಲಿ ಹಾಸನದಲ್ಲೂ ಇಲ್ಲ, ಚನ್ನರಾಯಪಟ್ಟಣದಲ್ಲೂ ಇಲ್ಲ, ಕೊನೆಗೆ ಮೈಸೂರಿನಲ್ಲಿರುವ ನಾದಿನಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಹದಿನೈದು ದಿನದ್ದು ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ಬೆಲೆ, ಮೂರು ಹೊತ್ತು ನುಂಗುವಾಗಲೂ ತಿಂಗಳಿಗೆ ಮೂರು ಸಾವಿರದ ಒಳಗೇ ಮುಗಿಯುತ್ತಿತ್ತು. ಎಟಿಜಿಯ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಇದೇ ಕಾಯಿಲೆಗೆ ಕೊಡುವ ಎಲ್ಟ್ರೊಂಬೊಪ್ಯಾಗ್ ಅನ್ನುವ ಮಾತ್ರೆ ಒಳ್ಳೆಯದಂತಲ್ಲಾ ಅಂತ ಕೆಲವರು ಕೇಳುತ್ತಾರೆ. ಅದೂ ಒಂದು ಹಾರ್ಮೋನಿನ ದಾರಿಯೇ. ಯಕೃತ್ತಿನಲ್ಲಿ ಹುಟ್ಟಿ, ಪ್ಲೇಟ್‌ಲೆಟ್ ಮಾಡು ಅಂತ ಮಜ್ಜೆಗೆ ಹೇಳುವ ಥ್ರಾಂಬೊಪೊಯೆಟಿನ್‌ನ ಕೆಲಸವನ್ನು ಅದು ಮಾಡುತ್ತದೆ, ಆ ಹಾರ್ಮೋನಿಗೆ ಓಗೊಡುವ ಗ್ರಾಹಕ ಆಕರಕೋಶದ ಮೈಮೇಲೇ ಇದೆ. ನಾನು ತೆಗೆದುಕೊಂಡಿಲ್ಲ. ಡೇ ಕೇರ್‌ನಲ್ಲಿ ಮಂಡ್ಯದ ಒಬ್ಬ ಹುಡುಗನಿಗೆ ಕೊಡುತ್ತಿದ್ದರು. ಅವನ ತಾಯಿಗೆ ಅಡುಗೆಯದ್ದೇ ಚಿಂತೆ. ಸುಣ್ಣದ ಅಂಶ ಇರುವ ಆಹಾರ ಹತ್ತಿರ ಬಂದರೆ ಆ ಮಾತ್ರೆ ಮೈಗೆ ಹತ್ತುವುದಿಲ್ಲ, ಹಾಲು, ಮೊಸರು ತಿಂದು ನಾಲ್ಕು ಗಂಟೆಯಾದರೂ ಕಳೆದಿರಬೇಕು. ರಾಗಿಯಲ್ಲೂ ಸುಣ್ಣ ಹೇರಳ. "ಮುದ್ದೆ ಇಲ್ದೆ ಇವನಿಗೆ ರಾತ್ರಿ ಊಟಾನೇ ಸೇರಲ್ಲ ಕಣಕ್ಕಾ" ಅನ್ನುತ್ತಿದ್ದರು. ಕೊನೆಗೆ ಮುದ್ದೆ ಮಧ್ಯಾಹ್ನಕ್ಕೆ, ಮಾತ್ರೆ ಮಲಗುವ ಹೊತ್ತಿಗೆ ಅಂತ ಮಾಡಿಕೊಂಡರು. ಡ್ಯಾನಜೋಲ್‌ಗೆ ಈ ಪಥ್ಯ ಇಲ್ಲ, ನಾನು ಊಟದ ಜೊತೆಗೇ ನುಂಗುತ್ತೇನೆ.

ಔಷಧಿಗೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಅದನ್ನು ನನ್ನ ಕೈಗೆ ಕೊಟ್ಟ ರೀತಿಗೆ ಒಂದು. ಬರೆಸಿಕೊಳ್ಳುವ ಹೆಂಗಸರು ಡಾಕ್ಟರ ಮುಂದೆ ಕುರ್ಚಿಯಿಂದ ಏಳುವ ಮೊದಲು ದನಿಯ ಬಗ್ಗೆ ಕೇಳಿ. ಟೀಚರು, ಹಾಡುವವರು, ಅಂಗಡಿಯಲ್ಲಿ ಕೂಗಿ ಮಾರುವವರು, ದನಿಯಿಂದಲೇ ಅನ್ನ ತಿನ್ನುವವರಾಗಿದ್ದರೆ ಅದನ್ನು ಮೊದಲ ದಿನವೇ ಹೇಳಿ. ಗಂಟಲು ಕಟ್ಟಿದಂತಾದರೆ ನನ್ನ ಹಾಗೆ ಎರಡು ತಿಂಗಳು ಕಷಾಯ ಕುಡಿಯುತ್ತ ಕೂರಬೇಡಿ, ಅಂದೇ ಫೋನ್ ಮಾಡಿ. ಕೆಲವರಿಗೆ ಪ್ರಮಾಣ ಇಳಿಸಲು ಅವಕಾಶ ಇರುತ್ತದೆ.

ಐದು ತಿಂಗಳಿಂದ ನನ್ನದು ದಿನಕ್ಕೆ ಒಂದೇ ಕ್ಯಾಪ್ಸೂಲ್. ದನಿ ಮರಳಿ ಬಂದಿಲ್ಲ. ಒಂದು ವರ್ಷ ಭಜನೆಗೆ ಹೋಗಿರಲಿಲ್ಲ, ಹೋದ ಶ್ರಾವಣದಲ್ಲಿ ಅತ್ತೆಯವರೇ ಕೈಹಿಡಿದು ಕರೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ತುಟಿಯಷ್ಟೇ ಆಡಿಸುತ್ತಿದ್ದೆ. ಹಾರ್ಮೋನಿಯಂ ನುಡಿಸುವ ಮಾಮಿ ಎರಡು ಪದ ಆಗುವವರೆಗೂ ನೋಡಿದರು. ಮೂರನೆಯದಕ್ಕೆ ಏನೂ ಹೇಳದೆ ಐದು ಮನೆಯ ಶ್ರುತಿಯನ್ನು ಎರಡೂವರೆಗೆ ಇಳಿಸಿ, ನನ್ನ ಕಡೆ ತಿರುಗಿ "ಎತ್ತಿಕೊಡು" ಅಂದರು. ಉಳಿದ ಹೆಂಗಸರಿಗೆಲ್ಲ ಆ ಶ್ರುತಿ ತೀರಾ ಕೆಳಗೆ. ಆದರೂ ಆ ಪದ ಮುಗಿಯುವವರೆಗೂ ಎಲ್ಲರೂ ಅಲ್ಲೇ ಹಾಡಿದರು.